ಗೋಡೆ ಕಟ್ಟಿದ್ದು ಯಾರು?



ನನಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟ್ರ ಹೆಸರಿನ ದತ್ತಿಯಲ್ಲಿ ಮಾತಾಡಲು ಕರೆದಿದ್ದೀರಿ. ಇದಕ್ಕಿಂತ ದೊಡ್ಡ ಮರ್ಯಾದೆ ನನಗಿಲ್ಲ.

ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳ ಒಣ ಸವನ್ನಾದಲ್ಲಿ ಬಾಳುವ ಹಳದಿ ಕೊಕ್ಕಿನ ಮಂಗಟ್ಟೆ ಇಂದಿನ ವಿಷಯ. ಅದರ ಬಣ್ಣ, ಅಳತೆ, ಆಹಾರ ಯಾವುದೇ ಪಕ್ಷಿ ಕೈಪಿಡಿಯಲ್ಲಿ ಸಿಗುತ್ತವೆ. ದಾಂಡೇಲಿಯ ಮಂಗಟ್ಟೆಗಳನ್ನು ಬಲ್ಲವರಿಗೆ ಅದರ ಸಂಸಾರವೂ ಹೊಸದಲ್ಲ: ಹೆಣ್ಣು ಪೊಟರೆ ಹೊಕ್ಕ ಮೇಲೆ ಬಾಗಿಲಿಗೆ ಗೋಡೆ ಏಳುತ್ತದೆ, ಉಳಿದ ಸಣ್ಣ ಸಂದಿಯಲ್ಲಿ ಗಂಡು ಉಣಿಸುತ್ತದೆ. ನನ್ನ ತಕರಾರು ಆ ಗೋಡೆಯದು.

ಡೇವಿಡ್ ಲಿವಿಂಗ್‌ಸ್ಟನ್ 1857ರ ತಮ್ಮ ಪ್ರವಾಸಗ್ರಂಥದಲ್ಲಿ ಇದರ ದಾಯಾದಿಯಾದ ಕೆಂಪು ಕೊಕ್ಕಿನ ಮಂಗಟ್ಟೆಯ ಗೂಡನ್ನು ಬಣ್ಣಿಸಿದರು. ಅಲ್ಲಿ ಗೋಡೆ ಮೆತ್ತುವುದು ಗಂಡು, ಹೆಣ್ಣು ಸೆರೆಯಾಳು. ದುಡಿದು ಸೊರಗಿದ ಗಂಡು ಮಳೆಯ ಹಿಂದೆಯೇ ಬರುವ ಚಳಿಗೆ ಮರಗಟ್ಟಿ ಸಾಯುತ್ತದೆಂದೂ ಬರೆದರು. ಇದರಲ್ಲಿ ಅವರು ಕಂಡದ್ದೂ ಇತ್ತು, ಕೇಳಿದ್ದೂ ಇತ್ತು. ಮೇಷ್ಟ್ರು ನಮ್ಮ ನೋಟ್‌ಪುಸ್ತಕದ ಹಾಳೆಯ ನಡುವೆ ಗೆರೆ ಎಳೆಸಿ, ಕಂಡದ್ದನ್ನು ಎಡಕ್ಕೆ, ಕೇಳಿದ್ದನ್ನು ಬಲಕ್ಕೆ ಬರೆಸುತ್ತಿದ್ದರು. 'ಸೆರೆ' ಎಂಬ ಮಾತು ಆ ಗೆರೆಯನ್ನು ದಾಟಿ ಎಡಕ್ಕೆ ಬಂದು ಕೂತದ್ದು ಇನ್ನೂ ಎದ್ದಿಲ್ಲ.

ಗೂಡಿನೊಳಗೆ ನೋಡಿದವರು ಕಂಡದ್ದು ಬೇರೆ. ಗೋಡೆಯ ಮುಖ್ಯ ಕೆಲಸ ಹೆಣ್ಣಿನದು. ತನ್ನ ಹಿಕ್ಕೆ, ಮಣ್ಣು, ತಿಂದುಳಿದ ಚೂರುಗಳನ್ನು ಕೊಕ್ಕಿನ ಬದಿಯಿಂದ ತಟ್ಟಿ ತಟ್ಟಿ ಒಳಗಿನಿಂದ ಮೆತ್ತುತ್ತದೆ. ಮರಿಗಳು ಅರ್ಧ ಬೆಳೆದಾಗ ತಾನೇ ಒಡೆದು ಹೊರಬರುತ್ತದೆ.

ಮರಿಗಳು ತನ್ನವೇ ಆಗಲೆಂದು ಗಂಡು ಹೆಣ್ಣನ್ನು ಕೂಡಿಹಾಕುತ್ತದೆ ಎಂಬ ವಾದವಿದೆ. ನಮೀಬಿಯಾದ ಮಾಂಟೀರೋ ಮಂಗಟ್ಟೆಯ ಮೇಲೆ 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅದಕ್ಕೆ ಆಧಾರವಾಗಿ ಕಂಡೀತು: ಮರಿಗಳು ಉಣಿಸುವ ಗಂಡಿನವೇ. ಆದರೆ ನಿಷ್ಠೆಯಿದೆ ಎಂದಮಾತ್ರಕ್ಕೆ ಅದು ಗೋಡೆಯಿಂದ ಬಂತೆಂದು ಆಗುವುದಿಲ್ಲ. ತಾಯಿ ಹೊರಬಿದ್ದ ಮೇಲೆ, ಇನ್ನೂ ಹಾರಲು ಬಾರದ ಮರಿಗಳು ಒಡೆದ ಬಾಗಿಲನ್ನು ತಾವೇ ಮತ್ತೆ ಮೆತ್ತಿಕೊಳ್ಳುತ್ತವೆ. ಅವು ಯಾರ ನಿಷ್ಠೆ ಕಾಯುತ್ತಿವೆ? ಸೆರೆಮನೆಯ ಚಿಲಕ ಹೊರಗಿರುತ್ತದೆ. ಈ ಮನೆಯದು ಒಳಗಿದೆ. ಹೊರಗಿನ ವೈರಿಗೆ ಹೆದರಿ ಹಾಕಿಕೊಂಡದ್ದು ಅದು.

ಒಂದು ಪದಕ್ಕೆ ಇಷ್ಟು ಜಗಳವೇಕೆ ಎನ್ನಬಹುದು. ಗೋಡೆ ಹೆಣ್ಣಿನದೆಂದು ಒಪ್ಪಿದರೆ ಮಾತ್ರ ಆ ಹೆಣ್ಣು ಹೂಡಿದ ಪಣ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಒಳಹೊಕ್ಕ ಹೆಣ್ಣು ರೆಕ್ಕೆ, ಬಾಲದ ಗರಿಗಳನ್ನು ಒಮ್ಮೆಗೇ ಉದುರಿಸುತ್ತದೆ, ಹಾರಲಾರದು. ಮಳೆಯನ್ನೂ ಒಂದು ಗಂಡಿನ ಕೊಕ್ಕನ್ನೂ ನಂಬಿ ಕೂತಿರುತ್ತದೆ.

ಕಲಹರಿಯಲ್ಲಿ ಆ ನಂಬಿಕೆ ಈಗ ಕೈಕೊಡುತ್ತಿದೆ. ಲಿವಿಂಗ್‌ಸ್ಟನ್ ಬರೆದದ್ದು ಚಳಿಯ ಕಥೆ; ಇಂದಿನದು ಬಿಸಿಲಿನದು. ಧಗೆಯ ದಿನ ಗಂಡು ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ತರುವ ತುತ್ತು ಕಡಿಮೆಯಾಗುತ್ತದೆ, ಒಳಗೆ ಹೆಣ್ಣೂ ಮರಿಗಳೂ ಸೊರಗುತ್ತವೆ. ಬರವೊಂದೇ ಕಾರಣ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಕಲಹರಿಯ ಕುರುಮನ್ ನದಿ ಮೀಸಲು ಪ್ರದೇಶದಲ್ಲಿ ಬರವಿಲ್ಲದ ವರ್ಷಗಳಲ್ಲೂ ಬಿಸಿಲಿನ ಪೆಟ್ಟು ಕಂಡಿದೆ. ಅಲ್ಲಿ 2008–11ರಲ್ಲಿ ನೂರಕ್ಕೆ 58 ಗೂಡುಗಳಲ್ಲಿ ಮರಿ ಬದುಕಿ ಹೊರಬಂದಿತ್ತು. 2016–19ಕ್ಕೆ ಅದು 17ಕ್ಕೆ ಇಳಿಯಿತು. ಗೂಡು ಹೂಡಿದ್ದ ಅವಧಿಯ ಸರಾಸರಿ ಗರಿಷ್ಠ ತಾಪ 35.7 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಒಂದು ಗೂಡಿನಿಂದಲೂ ಮರಿ ಹಾರಲಿಲ್ಲ.