ಹರಳಿಗೆ ನಿಧಾನ, ಗಾಜಿಗೆ ಅವಸರ

ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಇಳಿದರೆ ಬೆಳ್ಳನೆಯ ಬೆಣಚುಕಲ್ಲು ಕಾಲಿಗೆ ಸಿಗುತ್ತದೆ. ನ್ಯಾಮತಿ ಕಡೆಯ ಹೊಲಗಳಲ್ಲಿ ನೇಗಿಲಿಗೆ ತಾಗಿ ಮೇಲೆ ಬರುವುದೂ ಅದೇ. ಚನ್ನಗಿರಿಯ ಕೋಟೆಗುಡ್ಡ ಹತ್ತುವಾಗ ಬಂಡೆಯ ಮೈಯಲ್ಲಿ ಏನೋ ಮಿನುಗಿ ಮರೆಯಾಗುತ್ತದೆ. ಜಗಳೂರಿನ ಬಯಲಲ್ಲಿ ಒಮ್ಮೊಮ್ಮೆ ಕರ್ರಗೆ ಹೊಳೆಯುವ, ಕೈಗೆ ಭಾರವೆನಿಸುವ ಕಲ್ಲು ಸಿಕ್ಕಿಬಿಡುತ್ತದೆ. ಆಗ ಗುಂಪಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: “ಇದು ಆಕಾಶದಿಂದ ಬಿದ್ದಿದ್ದು ಕಣೋ!”

ಇರಬಹುದೇ? ಕಲ್ಲನ್ನೇ ಕೇಳಬೇಕು. ಕಲ್ಲಿಗೆ ಬಾಯಿಲ್ಲ, ಆದರೆ ಒಂದು ಪ್ರಶ್ನೆಗೆ ಅದು ತನ್ನ ಮೈಯಿಂದಲೇ ಉತ್ತರ ಕೊಡುತ್ತದೆ. ಆ ಪ್ರಶ್ನೆ ಇದು: “ನೀನು ಎಷ್ಟು ಹೊತ್ತಿನಲ್ಲಿ ತಣಿದೆ?”

ಅಡುಗೆಮನೆಯ ಪಾಠ

ಕಲ್ಲುಸಕ್ಕರೆ ನೋಡಿದ್ದೀರಲ್ಲ? ಸಕ್ಕರೆಯ ಗಟ್ಟಿ ಪಾಕವನ್ನು ದಿನಗಟ್ಟಲೆ ಅಲುಗಾಡಿಸದೆ ಇಟ್ಟರೆ ಅದು ಹುಟ್ಟುತ್ತದೆ. ಸಕ್ಕರೆಯ ಅಣುಗಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಸಾಲಾಗಿ ಕೂರುತ್ತವೆ. ಹಾಗೆ ಕೂತಿದ್ದರಿಂದಲೇ ಕಲ್ಲುಸಕ್ಕರೆಗೆ ಚಪ್ಪಟೆ ಮುಖಗಳು, ಚೂಪು ಅಂಚುಗಳು. ಇದು ಹರಳು.

ಅದೇ ಸಕ್ಕರೆಯನ್ನು ಕಾಯಿಸಿ ಕರಗಿಸಿ ಬೇಗನೆ ತಣಿಸಿದರೆ ಲಾಲಿಪಾಪ್ ಆಗುತ್ತದೆ. ಅಣುಗಳಿಗೆ ಸಾಲು ಹಿಡಿಯಲು ಹೊತ್ತೇ ಸಿಗದೆ, ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಬೆಳಕು ಆಚೆ ಹಾಯುವಷ್ಟು ತಿಳಿ, ಒಡೆದರೆ ಬಾಗಿದ ಚೂರುಗಳು. ಇದು ಗಾಜು. ಕಿಟಕಿಯ ಗಾಜು, ಬಳೆಯ ಗಾಜು ಎಲ್ಲವೂ ಹೀಗೆಯೇ: ಸಾಲು ತಪ್ಪಿದ ಅಣುಗಳ ಗಟ್ಟಿ ಗುಂಪು.

ಮಳೆಗಾಲದಲ್ಲಿ ಒಂದು ಲಾಲಿಪಾಪನ್ನು ಬಿಚ್ಚಿ ಇಟ್ಟು ನೋಡಿ. ತೇವ ತಾಗಿ ಕೆಲವು ದಿನಗಳಲ್ಲಿ ಮೈ ಮಂಕಾಗಿ, ಬೆಳ್ಳಗೆ ತರಿತರಿಯಾಗುತ್ತದೆ. ನೀರಿನ ನೆರವು ಸಿಕ್ಕಿ ಅಣುಗಳು ತಡವಾಗಿಯಾದರೂ ಸಾಲಿಗೆ ಸೇರಿಕೊಂಡವು. ಕಲ್ಲಿನ ಗಾಜಿಗೂ ಇದೇ ಗತಿ. ಅದಕ್ಕೆ ದಿನಗಳು ಸಾಲವು, ಲಕ್ಷಾಂತರ, ಕೋಟ್ಯಂತರ ವರ್ಷ ಬೇಕು, ಅಷ್ಟೆ.

ನಮ್ಮ ನೆಲದ ಕಲ್ಲು

ಈಗ ಮೊದಲು ಹೇಳಿದ ನಾಲ್ಕು ತಾಲ್ಲೂಕಿನ ನೆಲಕ್ಕೆ ಬರೋಣ. ಇಲ್ಲಿನ ಬಹುಪಾಲು ಬಂಡೆಗಳ ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಹೊನ್ನಾಳಿ ಸುತ್ತಿನ ನೈಸ್ ಎಂಬ ಶಿಲೆ 300 ಕೋಟಿ ವರ್ಷದ ಆಸುಪಾಸಿನದು. ಇವು ನೆಲದಾಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ, ಬಹಳ ನಿಧಾನವಾಗಿ ತಣಿದವು. ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿನೀರಿನಿಂದ ಬೆಣಚು ಪಟ್ಟೆಪಟ್ಟೆಯಾಗಿ ಕೂತಿತು. ಇಲ್ಲಿಯ ಕುದುರೆಕೊಂಡದ ಕಡೆ ಹಿಂದೆ ಚಿನ್ನ ಹುಡುಕಿದ್ದು ಅಂಥ ಪಟ್ಟೆಗಳಲ್ಲೇ. ಚನ್ನಗಿರಿಯ ಬಂಡೆಯಲ್ಲಿ ಮಿನುಗಿದ್ದೂ ಹರಳೇ.

ಅಷ್ಟು ಹಳೆಯ ನೆಲದಲ್ಲಿ ಮೊದಲಿನ ಗಾಜು ಏನಾದರೂ ಇದ್ದಿದ್ದರೂ ಅದು ಎಂದೋ ಹರಳಾಗಿ ಹೋಗಿರುತ್ತದೆ. ಹಾಗಾದರೆ ಹೊಲದಲ್ಲಿ ಸಿಗುವ ಕಪ್ಪು ಗಾಜಿನ ಕಲ್ಲು ಎಲ್ಲಿಂದ ಬಂತು? ಹೆಚ್ಚಿನ ಸಲ ಅದು ಕಿಟ್ಟ. ಹಿಂದೆ ನಮ್ಮ ಹಳ್ಳಿಗಳ ಕುಲುಮೆಗಳಲ್ಲಿ ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣ ಬೇರೆಯಾದ ಮೇಲೆ ಉಳಿದ ಕಸ ಕರಗಿ ಹರಿದು, ಹೊರಗಿನ ಗಾಳಿಗೆ ಬೇಗ ತಣಿದು ಗಾಜಿನಂಥ ಗಟ್ಟಿಯಾಗುತ್ತಿತ್ತು. ಅದರ ಮೈಯಲ್ಲಿ ಗಾಳಿಗುಳ್ಳೆಯ ತೂತುಗಳು ಕಾಣುತ್ತವೆ. ಆಕಾಶದಿಂದ ಬಂದಿಲ್ಲವೆಂದು ಬೇಸರ ಬೇಡ. ನಿಮ್ಮೂರಿನಲ್ಲಿ ಒಮ್ಮೆ ಕಬ್ಬಿಣ ಕರಗಿಸುತ್ತಿದ್ದರು ಎಂಬ ಸುದ್ದಿ ಅದರಲ್ಲಿದೆ.

ನಿಜವಾಗಿ ಬಿದ್ದವು

ಹಾಗೆಂದು ಆಕಾಶ ನಮ್ಮ ಕಡೆ ಏನನ್ನೂ ಬೀಳಿಸಿಲ್ಲ ಎಂದುಕೊಳ್ಳಬೇಡಿ. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಚೆಟ್ರಿನಹಟ್ಟಿ ಎಂಬ ಹೆಸರಿದೆ. ಬಿದ್ದ ವರ್ಷ 1880, ತೂಕ 72 ಗ್ರಾಂ. ಅದರ ಮುಂದೆ ಬರೆದಿರುವ ಅಕ್ಷಾಂಶ, ರೇಖಾಂಶಗಳನ್ನು ನಕ್ಷೆಯಲ್ಲಿ ಹುಡುಕಿದರೆ ಬೆರಳು ಹೋಗಿ ನಿಲ್ಲುವುದು ಜಗಳೂರಿನ ಪೂರ್ವಕ್ಕೆ, ಪಕ್ಕದಲ್ಲೇ! ಪಟ್ಟಿಯಲ್ಲಿ ಅದನ್ನು ಶಿಲೆ ಎಂದಷ್ಟೇ ಗುರುತಿಸಲಾಗಿದೆ, ಯಾವ ಜಾತಿಯದೆಂದು ವಿಂಗಡಿಸಿಲ್ಲ. ಕರ್ನಾಟಕದಲ್ಲಿ ಅದಕ್ಕೂ ಮೊದಲು 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಉಲ್ಕಾಶಿಲೆಗಳು ಬಿದ್ದಿದ್ದವು.

ಇಂಥ ಕಲ್ಲು ನಮ್ಮ ಗಾಳಿಯನ್ನು ಹೊಗುವಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರಿಗೂ ಹೆಚ್ಚು. ಮೈ ಕೆಂಡವಾಗಿ ಮೇಲ್ಪದರ ಕರಗುತ್ತದೆ. ಆದರೆ ಸಣ್ಣ ಕಲ್ಲನ್ನು ಗಾಳಿ ಬೇಗನೆ ತಡೆದು ನಿಲ್ಲಿಸುತ್ತದೆ. ಕೊನೆಗೆ ಅದು ಎತ್ತರದಿಂದ ಬಿಟ್ಟ ಬೇರೆ ಯಾವುದೇ ಕಲ್ಲು ಬೀಳುವ ಹಾಗೆ ಬೀಳುತ್ತದೆ. ಅಷ್ಟರಲ್ಲಿ ಕರಗಿದ ಪದರ ಗಟ್ಟಿಯಾಗಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಕಪ್ಪು ಗಾಜಿನ ಸಿಪ್ಪೆಯಾಗಿರುತ್ತದೆ. ಅದರ ವಯಸ್ಸು ಕೆಲವೇ ಸೆಕೆಂಡು.

ಸಿಪ್ಪೆಯ ಒಳಗಿನದು ಮಾತ್ರ ಹೆಚ್ಚಿನ ಉಲ್ಕಾಶಿಲೆಗಳಲ್ಲಿ ಸುಮಾರು 456 ಕೋಟಿ ವರ್ಷ ಹಳೆಯದು. ಸೂರ್ಯನ ಸುತ್ತ ಗ್ರಹಗಳು ಇನ್ನೂ ಕೂಡಿಕೊಳ್ಳುತ್ತಿದ್ದ ಕಾಲದಲ್ಲಿ ಧೂಳು ಕರಗಿ ಸಣ್ಣ ಸಣ್ಣ ಹನಿಗಳಾಯಿತು. ಹನಿಗಳು ಕೆಲವು ಗಂಟೆಗಳಲ್ಲಿ ತಣಿದು, ಒಂದಿಷ್ಟು ಹರಳು, ಒಂದಿಷ್ಟು ಗಾಜು ಬೆರೆತ ಗುಂಡುಗಳಾದವು. ಆ ಗುಂಡುಗಳು ಸೇರಿಯೇ ಕ್ಷುದ್ರಗ್ರಹಗಳು ಹುಟ್ಟಿದ್ದು. ತಮಿಳುನಾಡಿನ ಮಧುರೆಯ ಬಳಿ 1857ರಲ್ಲಿ ಬಿದ್ದ ಪರ್ನಾಲಿ ಶಿಲೆಯ ಗುಂಡುಗಳಲ್ಲಿ ಆ ಮೊದಲ ಗಾಜು ಇನ್ನೂ ಇದೆ. ಉಡುಪಿಯ ಶಿಲೆಯಲ್ಲಿ ಇಲ್ಲ. ಕಾರಣವನ್ನು ನೀವೇ ಊಹಿಸಬಲ್ಲಿರಿ. ಉಡುಪಿಯ ಶಿಲೆ ತನ್ನ ತಾಯಿ ಕ್ಷುದ್ರಗ್ರಹದ ಒಳಗೆ ನೂರಾರು ಡಿಗ್ರಿ ಕಾವಿನಲ್ಲಿ ಬಹುಕಾಲ ಇತ್ತು. ಅಣುಗಳಿಗೆ ಕಾವೂ ಸಿಕ್ಕಿತು, ಸಮಯವೂ ಸಿಕ್ಕಿತು. ಗಾಜು ಹರಳಾಯಿತು.

ಇನ್ನೂ ನಿಧಾನಿಗಳಿವೆ. ಕೆಲವು ಕ್ಷುದ್ರಗ್ರಹಗಳ ನಡುವಿನಲ್ಲಿ ಕರಗಿದ ಕಬ್ಬಿಣ ಸೇರಿಕೊಂಡಿತ್ತು. ಗಟ್ಟಿಯಾದ ಮೇಲೂ ಅದು ತಣಿಯುತ್ತ ಹೋದದ್ದು 10 ಲಕ್ಷ ವರ್ಷಕ್ಕೆ ಕೆಲವು ಡಿಗ್ರಿ, ಹೆಚ್ಚೆಂದರೆ ಕೆಲವು ಸಾವಿರ ಡಿಗ್ರಿ. ಅಂಥ ಕಬ್ಬಿಣದ ಉಲ್ಕಾಶಿಲೆಯನ್ನು ಕೊಯ್ದು, ಉಜ್ಜಿ ನುಣುಪು ಮಾಡಿ, ಆಮ್ಲ ಸವರಿದರೆ ಒಂದನ್ನೊಂದು ದಾಟುವ ಪಟ್ಟೆಗಳ ಚೆಂದದ ವಿನ್ಯಾಸ ಮೂಡುತ್ತದೆ. ಯಾವ ಕಾರ್ಖಾನೆಯೂ ಅದನ್ನು ಮಾಡಲಾರದು. ಅಷ್ಟು ವರ್ಷ ಕಾಯುವವರು ಯಾರು?

ಏಟು ಬಿದ್ದಾಗ

ಬರುವ ಕಲ್ಲು ದೊಡ್ಡದಾದರೆ ಗಾಳಿ ಅದನ್ನು ತಡೆಯಲಾರದು. ಜಗಳೂರಿನಿಂದ ಹೆಚ್ಚು ಕಡಿಮೆ ನೇರ ಉತ್ತರಕ್ಕೆ ಸುಮಾರು 600 ಕಿಲೋಮೀಟರ್ ಹೋದರೆ ಮಹಾರಾಷ್ಟ್ರದ ಲೋಣಾರ್ ಸಿಗುತ್ತದೆ. ಅಲ್ಲೊಂದು ದುಂಡನೆಯ ಕುಳಿ, ಅಡ್ಡಗಲ 1.8 ಕಿಲೋಮೀಟರ್. ಒಳಗೆ ಉಪ್ಪುನೀರಿನ ಕೆರೆ. ಲಕ್ಷಾಂತರ ವರ್ಷಗಳ ಹಿಂದೆ ಕ್ಷುದ್ರಗ್ರಹದ ತುಂಡೊಂದು ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಗೆ ಬಡಿದು ಆದದ್ದು ಇದು. ಕೆರೆಯ ತಳವನ್ನು ಕೊರೆದು ಮೇಲೆ ತಂದ ಕಲ್ಲುಗಳನ್ನು ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ, ಇದು ಅಪ್ಪಳಿಕೆಯ ಕುಳಿಯೇ ಎಂದು 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಅವರಿಗೆ ಸಾಕ್ಷಿ ಹೇಳಿದ್ದು ಗಾಜು. ಲೋಣಾರಿನಲ್ಲಿ ಎರಡು ಬಗೆಯ ಗಾಜು ಇದೆ. ಒಂದು, ಬಂಡೆ ಕರಗಿ ಹನಿಯಾಗಿ ಸಿಡಿದು, ಹಾರುತ್ತಲೇ ತಣಿದ ಪುಟ್ಟ ಗುಂಡುಗಳು. ಇನ್ನೊಂದು ವಿಚಿತ್ರವಾದದ್ದು. ಬಸಾಲ್ಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಹರಳು ಏಟಿನ ಒತ್ತಡಕ್ಕೆ ಒಳಗೊಳಗೇ ಸಾಲು ಕಳೆದುಕೊಂಡಿದೆ. ನಮ್ಮ ಮೇಲಿರುವ ಗಾಳಿಯ ಒತ್ತಡದ ಲಕ್ಷಾಂತರ ಪಟ್ಟು ಒತ್ತಡ ಅದು! ಹೊರಗಿನ ಆಕಾರ ಹರಳಿನದೇ, ಒಳಗೆ ಮಾತ್ರ ಗಾಜು. ಇದರ ಹೆಸರು ಮ್ಯಾಸ್ಕೆಲಿನೈಟ್.

ಮ್ಯಾಸ್ಕೆಲಿನೈಟನ್ನು ಮೊದಲು ಗುರುತಿಸಿದ್ದೂ ಭಾರತದಲ್ಲಿ ಬಿದ್ದ ಕಲ್ಲಿನಲ್ಲೇ. ಮದ್ದೂರಿನ ಶಿಲೆ ಬಿದ್ದ ವರ್ಷವೇ, 1865ರ ಆಗಸ್ಟ್ 25ರಂದು, ಬಿಹಾರದ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋ ತೂಕದ ಶಿಲೆ ಬಿತ್ತು. ವಿಯೆನ್ನಾದ ಗುಸ್ಟಾವ್ ಚೆರ್ಮಾಕ್ 1872ರಲ್ಲಿ ಅದರೊಳಗೆ ಈ ಗಾಜನ್ನು ಕಂಡ. ಆ ಕಲ್ಲು ಬಂದದ್ದು ಮಂಗಳ ಗ್ರಹದಿಂದ ಎಂದು ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಲ್ಲಿಯೂ ಗುಟ್ಟು ಬಿಟ್ಟುಕೊಟ್ಟಿದ್ದು ಗಾಜೇ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕ ಅದೇ ಜಾತಿಯ ಇನ್ನೊಂದು ಶಿಲೆಯಲ್ಲಿ, ಏಟಿಗೆ ಕರಗಿ ಗಾಜಾದ ಭಾಗದೊಳಗೆ ಒಂದಿಷ್ಟು ಅನಿಲ ಸಿಕ್ಕಿಹಾಕಿಕೊಂಡಿತ್ತು. 1976ರಲ್ಲಿ ಮಂಗಳನ ಮೇಲಿಳಿದ ವೈಕಿಂಗ್ ನೌಕೆಗಳು ಅಳೆದ ಅಲ್ಲಿನ ಗಾಳಿಗೂ ಈ ಅನಿಲಕ್ಕೂ ತಾಳೆಯಾಯಿತು. 1983ರಲ್ಲಿ ಈ ಸುದ್ದಿ ಹೊರಬಿತ್ತು. ಗಾಜು ಅವಸರದಲ್ಲಿ ಗಟ್ಟಿಯಾದದ್ದರಿಂದಲೇ ಮಂಗಳನ ಗಾಳಿ ತಪ್ಪಿಸಿಕೊಳ್ಳಲಾಗದೆ ನಮ್ಮವರೆಗೆ ಬಂತು.

ದೊಡ್ಡ ಏಟಿಗೆ ಭೂಮಿಯ ಮಣ್ಣೇ ಕರಗಿ ದೂರದೂರಕ್ಕೆ ಚಿಮ್ಮಿ ಗಾಜಾಗಿ ಬೀಳುವುದೂ ಉಂಟು. ಅವೇ ಟೆಕ್ಟೈಟುಗಳು. ಸುಮಾರು 7 ಲಕ್ಷ 90 ಸಾವಿರ ವರ್ಷಗಳ ಹಿಂದಿನ ಒಂದು ಏಟಿನ ಟೆಕ್ಟೈಟುಗಳು ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಹರಡಿವೆ. ಅದರ ಸಣ್ಣ ಗುಂಡುಗಳು ನಮ್ಮ ಹಿಂದೂ ಮಹಾಸಾಗರದ ತಳದ ಕೆಸರಿನಲ್ಲೂ ಸಿಕ್ಕಿವೆ. ಟೆಕ್ಟೈಟಿನಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದ ಲಾಲಿಪಾಪನ್ನು ನೆನೆದರೆ, ಅದರ ಗಾಜು ಏಕೆ ಇಷ್ಟು ಕಾಲ ಕೆಡದೆ ಉಳಿದಿದೆ ಎಂಬುದಕ್ಕೆ ಒಂದು ಸುಳಿವು ಸಿಗುತ್ತದೆ.

ಇನ್ನು ನಮ್ಮ ಬೆಣಚು. ನ್ಯಾಮತಿಯ ಬೆಣಚುಕಲ್ಲನ್ನು ಒಡೆದರೆ ಹೇಗೆಂದರೆ ಹಾಗೆ ಒಡೆಯುತ್ತದೆ, ನೇರ ಪದರಗಳಾಗಿ ಸೀಳುವುದಿಲ್ಲ. ಆದರೆ ಅಪ್ಪಳಿಕೆಗೆ ಸಿಕ್ಕ ಬೆಣಚನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ಎಳೆದ ಸಮಾನಾಂತರ ಗೆರೆಗಳು ಕಾಣುತ್ತವೆ. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಏಟಿನ ಗುರುತನ್ನು ಜಗತ್ತಿನ ಹಲವೆಡೆ ಹಿಡಿದದ್ದು ಇಂಥ ಗೆರೆಯ ಬೆಣಚಿನ ಕಣಗಳಿಂದಲೂ.

ನೀವೇ ಮಾಡಿ ನೋಡಿ

ಕಪ್ಪು ಕಲ್ಲು ಸಿಕ್ಕಿತೇ? ಒಡೆಯಬೇಡಿ. ಮೊದಲು ಮೈ ನೋಡಿ. ಗಾಳಿಗುಳ್ಳೆಯ ತೂತುಗಳು ತುಂಬ ಇದ್ದರೆ ಬಹುಶಃ ಕಿಟ್ಟ. ಬಿಳಿಯ ಬೆಣಚಿನ ಪಟ್ಟೆ ಹಾದುಹೋಗಿದ್ದರೆ ಅದು ನಮ್ಮ ನೆಲದ್ದೇ. ಬಿಳಿ ಪಿಂಗಾಣಿ ಟೈಲ್ಸಿನ ಒರಟು ಹಿಂಬದಿಗೆ ಕಲ್ಲಿನ ಮೂಲೆಯೊಂದನ್ನು ಉಜ್ಜಿ. ಕೆಂಪು ಗೆರೆ ಬಂದರೆ ಹೆಮಟೈಟ್, ಕಡುಕಪ್ಪು ಗೆರೆ ಬಂದರೆ ಮ್ಯಾಗ್ನೆಟೈಟ್. ಎರಡೂ ಕಬ್ಬಿಣದ ಅದಿರು.

ಗೆರೆಯೇ ಬೀಳಲಿಲ್ಲ, ತೆಳು ಕಪ್ಪು ಸಿಪ್ಪೆ ಇದೆ, ಗಾತ್ರಕ್ಕೆ ಮೀರಿದ ತೂಕವಿದೆ ಎಂದಾದರೆ ದಿಕ್ಸೂಚಿಯನ್ನು ಹತ್ತಿರ ತನ್ನಿ. ಮುಳ್ಳು ವಾಲಿದರೆ ಒಳಗೆ ಕಬ್ಬಿಣ ಇರಬಹುದು. ಗಟ್ಟಿ ಆಯಸ್ಕಾಂತವನ್ನು ಮಾತ್ರ ತಾಗಿಸಬೇಡಿ. ಉಲ್ಕಾಶಿಲೆಯಲ್ಲಿ ಕೋಟ್ಯಂತರ ವರ್ಷಗಳಿಂದ ಉಳಿದುಬಂದ ಕಾಂತೀಯ ಗುರುತು ಅದರಿಂದ ಅಳಿಸಿಹೋಗುತ್ತದೆ. ಶಾಲೆಯ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಅವರಿಗೂ ಅನುಮಾನ ಬಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಬರೆಯಬಹುದು. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಿಡುವ ಸಂಸ್ಥೆ ಅದು.

ಎಲ್ಲಕ್ಕಿಂತ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಯಾವ ಊರು, ಯಾವ ಹೊಲ, ಯಾವ ದಿನ. ಚೆಟ್ರಿನಹಟ್ಟಿಯ ಕಲ್ಲು ಹಿಡಿಯೊಳಗೆ ಅಡಗುವಷ್ಟು ಚಿಕ್ಕದು. ಅದು ಎಲ್ಲಿ, ಯಾವ ವರ್ಷ ಬಿತ್ತೆಂದು ಯಾರೋ ಬರೆದಿಟ್ಟದ್ದರಿಂದ ಇಂದಿಗೂ ಅದು ಜಗತ್ತಿನ ಪಟ್ಟಿಯಲ್ಲಿದೆ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ಕಲ್ಲು ಎಷ್ಟೇ ಹೊಳೆದರೂ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.