ಯಾವ ಬೀಜ ಇಟ್ಟುಕೊಳ್ಳಬೇಕು, ಯಾವುದನ್ನು ಇಡಬಾರದು?

(ಬೆಳಗಾವಿ ಮತ್ತು ಖಾನಾಪುರ ಭಾಗದ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಭತ್ತದ ಬೆಳೆಯಿಂದಲೇ ಮುಂದಿನ ವರ್ಷದ ಬೀಜ ತೆಗೆದಿಡುವುದು ಖಾನಾಪುರ ಸೀಮೆಯ ಹಳೆಯ ರೂಢಿ. ಅದರಿಂದ ತೊಂದರೆಯಿಲ್ಲ. ಆದರೆ ಬೆಳಗಾವಿ ಪೇಟೆಯಿಂದ ತಂದ ಹೈಬ್ರಿಡ್ ಗೋವಿನಜೋಳದ ಕಾಳನ್ನೂ ಹೀಗೆಯೇ ಇಟ್ಟು ಬಿತ್ತಿದರೆ ಬೆಳೆ ಕೈಕೊಡುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಇಂದು ವಿಚಾರ ಮಾಡೋಣ.

ಜೀವಕೋಶದ ವಿಭಜನೆ

ಗಿಡದ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಭತ್ತದ ಒಂದೊಂದು ಕೋಶದಲ್ಲಿಯೂ 24 ವರ್ಣತಂತುಗಳಿವೆ: 12 ತಾಯಿಯಿಂದ, 12 ತಂದೆಯಿಂದ. ವರ್ಣತಂತುವಿನಲ್ಲಿರುವ ಮುಖ್ಯ ವಸ್ತು ಡಿ.ಎನ್.ಎ. ಇದರ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ವಿವರಿಸಿದರು. ಇದು ಎರಡು ಎಳೆಗಳ ಹುರಿಯಂತಿದೆ. ಎಳೆಗಳ ಮೇಲೆ ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳು ಸಾಲಾಗಿವೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಮಾತ್ರ ಕೂಡುತ್ತದೆ.

ಕೋಶ ಎರಡಾಗುವ ಮೊದಲು ಈ ಹುರಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಎಳೆಯೂ ತನಗೆ ಹೊಂದುವ ಹೊಸ ಎಳೆಯನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಒಂದು ಹುರಿ ಎರಡಾಗಿ, ಎರಡು ಕೋಶಗಳಿಗೂ ಒಂದೇ ತೆರನಾದ 24 ವರ್ಣತಂತುಗಳು ದೊರೆಯುತ್ತವೆ. ಕಬ್ಬಿನ ತುಂಡು ನೆಟ್ಟರೆ ಅದೇ ತಳಿಯ ಕಬ್ಬು ಬರುವುದು ಇಂಥ ವಿಭಜನೆಯಿಂದಲೇ.

ಹೂವಿನಲ್ಲಿ ಪರಾಗ ಮತ್ತು ಅಂಡ ಹುಟ್ಟುವಾಗ ಮಾತ್ರ ವಿಭಜನೆಯ ರೀತಿ ಬೇರೆ. ಆಗ ಜೋಡಿಗಳು ಅಗಲಿ 12 ವರ್ಣತಂತುಗಳು ಮಾತ್ರ ಹೋಗುತ್ತವೆ. ಪ್ರತಿ ಜೋಡಿಯಲ್ಲಿ ಯಾವುದು ಹೋಗುವುದೆಂಬುದು ನಾಣ್ಯ ಚಿಮ್ಮಿದ ಹಾಗೆ. ಪರಾಗ ಅಂಡವನ್ನು ಕೂಡಿದಾಗ ಮತ್ತೆ 24 ಆಗುತ್ತದೆ.

ಗಿಡ್ಡ ಭತ್ತದ ಪಾಠ

1962ರಲ್ಲಿ ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಎತ್ತರದ ‘ಪೇಟಾ’ ಭತ್ತವನ್ನು ತೈವಾನಿನ ಒಂದು ಗಿಡ್ಡ ಭತ್ತದೊಡನೆ ಸಂಕರಿಸಿದರು. ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರವಾಗಿ ಬೆಳೆದವು. ಎರಡನೆಯ ಪೀಳಿಗೆಯಲ್ಲಿ ಸುಮಾರು ಕಾಲು ಭಾಗ ಗಿಡ್ಡ ಗಿಡಗಳು ಬಂದವು. ಇವುಗಳ ಸಂತತಿಯಲ್ಲಿ ಆರಿಸಿದ್ದೇ 1966ರಲ್ಲಿ ಬಿಡುಗಡೆಯಾದ ಐ.ಆರ್.-8. ಮೆಂಡೆಲ್ ಬಟಾಣಿಯ ಮೇಲಿನ ಪ್ರಯೋಗಗಳಿಂದ 1866ರಲ್ಲಿ ಪ್ರಕಟಿಸಿದ ಮೂರಕ್ಕೆ ಒಂದರ ನಿಯಮವೇ ಇದು.

ಗಿಡ್ಡತನದ ಜೀನ್ ದುರ್ಬಲ. ಜೋಡಿಯಲ್ಲಿ ಎರಡೂ ಗಿಡ್ಡದ ಜೀನ್ ಆದರೆ ಮಾತ್ರ ಗಿಡ ಗಿಡ್ಡವಾಗುತ್ತದೆ; ಒಂದೇ ಇದ್ದರೆ ಅಡಗಿಕೊಂಡಿರುತ್ತದೆ. ಗಿಡವನ್ನು ಎತ್ತರ ಬೆಳೆಸುವ ಜಿಬ್ಬರೆಲಿನ್ ತಯಾರಾಗಲು ಬೇಕಾದ ಜೀನ್‌ನಲ್ಲಿ 383 ಘಟಕಗಳು ಬಿಟ್ಟುಹೋಗಿರುವುದೇ ಈ ಗಿಡ್ಡತನಕ್ಕೆ ಕಾರಣವೆಂದು 2002ರಲ್ಲಿ ಗೊತ್ತಾಯಿತು.

ನಮ್ಮ ಹೊಲಕ್ಕೆ ಇದರ ಅನ್ವಯ

ಭತ್ತದ ಹೂ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಆದ್ದರಿಂದ ಶುದ್ಧ ತಳಿ ಶುದ್ಧವಾಗಿಯೇ ಉಳಿಯುತ್ತದೆ. ಹೈಬ್ರಿಡ್ ಹಾಗಲ್ಲ. ಅದರ ಕಸುವು ಜೋಡಿಯಲ್ಲಿನ ಬೇರೆ ಬೇರೆ ಜೀನ್‌ಗಳಿಂದ ಬಂದುದು. ಅದರ ಕಾಳನ್ನು ಬಿತ್ತಿದರೆ ಜೋಡಿಗಳು ಒಡೆದು ಬೆಳೆ ಏರುಪೇರಾಗುತ್ತದೆ, ಇಳುವರಿ ಕುಗ್ಗುತ್ತದೆ. ಹೈಬ್ರಿಡ್ ಭತ್ತಕ್ಕೂ ಇದೇ ಮಾತು.

ಅಪರೂಪಕ್ಕೆ ಪಕ್ಕದ ಹೊಲದ ಪರಾಗ ಭತ್ತದಲ್ಲಿಯೂ ಬೀಳುವುದುಂಟು. ಗಿಡ್ಡ ತಳಿಯ ಮೇಲೆ ಎತ್ತರದ ತಳಿಯ ಪರಾಗ ಬಿದ್ದರೆ ಮುಂದಿನ ವರ್ಷವೇ ಎತ್ತರದ ಗಿಡ ಕಂಡು ಕಿತ್ತುಹಾಕಬಹುದು. ಎತ್ತರದ ನಾಟಿ ತಳಿಯ ಮೇಲೆ ಗಿಡ್ಡದ ಪರಾಗ ಬಿದ್ದರೆ ಬೆರಕೆ ಮರೆಯಾಗಿರುತ್ತದೆ. ಅದರ ಮರುಪೀಳಿಗೆಯಲ್ಲಿ ಗಿಡ್ಡ ಗಿಡ ಕಂಡು ಕಿತ್ತರೂ, ಉಳಿದ ಎತ್ತರದ ಒಡಹುಟ್ಟುಗಳಲ್ಲಿ ಮೂರಕ್ಕೆ ಎರಡರಲ್ಲಿ ಗಿಡ್ಡದ ಜೀನ್ ಅಡಗಿರುತ್ತದೆ.

ಬಾಸುಮತಿಯಂಥ ಭತ್ತಗಳ ಪರಿಮಳದ ಜೀನ್ ಕೂಡ ದುರ್ಬಲವೇ. ಬೆಳಗಾವಿ ಸುತ್ತಿನ ನಾಟಿ ಬಾಸುಮತಿಯನ್ನು ಉಳಿಸಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಿಡ ನೋಡಿ ಪರಿಮಳ ತಿಳಿಯಲಾಗದು. ಬೀಜಕ್ಕೆ ಆರಿಸಿದ ಪ್ರತಿ ಗಿಡದ ಹತ್ತು ಅಕ್ಕಿಕಾಳುಗಳನ್ನು ಒಂದೊಂದಾಗಿ ಅಗಿದು ನೋಡಿ. ಪರಿಮಳವಿಲ್ಲದ ಕಾಳು ಸಿಕ್ಕರೆ ಆ ಗಿಡವನ್ನು ಬೀಜಕ್ಕೆ ಬಿಡಬೇಡಿ.

ಮಾಡಬೇಕಾದ ಕೆಲಸ

1. ಬೀಜದ ಭತ್ತಕ್ಕೂ ಬೇರೆ ತಳಿಗೂ ನಡುವೆ ಕನಿಷ್ಠ 3 ಮೀಟರ್ ಅಂತರವಿರಲಿ.
2. ಹೂ ಬಿಡುವ ಮೊದಲು, ಹೂ ಬಿಟ್ಟಾಗ ಮತ್ತು ಕೊಯ್ಲಿಗೆ ಮುಂಚೆ ಬೆರಕೆ ಗಿಡಗಳನ್ನು ಬುಡಸಹಿತ ಕೀಳಿರಿ.
3. ನಾಟಿ ತಳಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಒಂದು ತೆನೆಯ ಕಾಳನ್ನು ಒಂದೇ ಸಾಲಿನಲ್ಲಿ ಬೆಳೆಸಿ. ಒಂದು ಗಿಡ ಬೇರೆಯಾಗಿ ಕಂಡರೂ ಇಡೀ ಸಾಲನ್ನು ಬೀಜಕ್ಕೆ ಬಿಡಿ ಎನ್ನಬೇಡಿ, ತೆಗೆದುಹಾಕಿ.
4. ಕಣ, ಒಕ್ಕುವ ಯಂತ್ರ, ಚೀಲಗಳನ್ನು ಸ್ವಚ್ಛ ಮಾಡಿಕೊಳ್ಳಿ. ಬೆರಕೆ ಪರಾಗಕ್ಕಿಂತ ಹೆಚ್ಚಾಗಿ ಇಲ್ಲಿಂದಲೇ ಬರುತ್ತದೆ.
5. ಬೀಜವನ್ನು ತೇವಾಂಶ ಶೇ. 13ಕ್ಕೆ ಇಳಿಯುವಂತೆ ಒಣಗಿಸಿ. ಬಿತ್ತುವ ಮುನ್ನ 100 ಕಾಳು ಮೊಳಕೆಗಿಟ್ಟು 80ಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಿ.
6. ಹೈಬ್ರಿಡ್ ಬೀಜವನ್ನು ಪ್ರತಿ ಸಲ ಹೊಸದಾಗಿ ಕೊಳ್ಳಿ. ರಸೀದಿ ಮತ್ತು ಖಾಲಿ ಚೀಲವನ್ನು ಬೆಳೆ ಬರುವವರೆಗೂ ಕಾದಿಡಿ.

ಒಳ್ಳೆಯ ಬೀಜ ರೈತನ ಅರ್ಧ ಬೆಳೆ. ಮುಂಗಾರಿಗೆ ಮುನ್ನ ತಮ್ಮ ಮನೆಯ ಬೀಜದ ಚೀಲವನ್ನು ಒಮ್ಮೆ ಬಿಚ್ಚಿ ನೋಡಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.