ಆಳವಿಲ್ಲದ ನೀರಿನ ಹಡಗುಗಳು

ಸಮುದ್ರವೇ ಇಲ್ಲದ ತುಮಕೂರು ಸೀಮೆಯವನೊಬ್ಬ ಮುಳುಗಿದ ಹಡಗುಗಳ ವಿಷಯ ಮಾತನಾಡಹೊರಟರೆ ನಿಮಗೆ ನಗೆ ಬಂದೀತು. ಆದರೆ ನೀರಿನ ಪರಿಚಯ ನಮಗೇನೂ ಕಡಿಮೆಯಿಲ್ಲ. ಗುಬ್ಬಿಯ ಕೆರೆಯಲ್ಲಿ, ಕುಣಿಗಲ್ಲಿನ ದೊಡ್ಡಕೆರೆಯಲ್ಲಿ, ತೋಟದ ಬಾವಿಗಳಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ನಮ್ಮಲ್ಲಿ ಅನೇಕರು. ಬುರುಡೆ ಕಳಚಿದ ಮೇಲಿನ ಪರೀಕ್ಷೆಯೆಂದರೆ ಮುಳುಗು ಹಾಕಿ ತಳದ ಮಣ್ಣನ್ನು ಮುಷ್ಟಿಯಲ್ಲಿ ತರುವುದು. ಅದಕ್ಕೆ ಹಿರಿಯರು ಹೇಳಿಕೊಡುತ್ತಿದ್ದ ಸೂತ್ರ ಒಂದೇ: ಎದೆ ತುಂಬ ಉಸಿರೆಳೆದುಕೋ, ಮೇಲೆ ಬರುವವರೆಗೆ ಬಿಡಬೇಡ.

ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ನನ್ನ ಸೋದರಳಿಯನೂ ಈ ಸೂತ್ರದಲ್ಲೇ ಬೆಳೆದವನು. ಅಲ್ಲಿಂದ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗಿದ ಹಡಗುಗಳನ್ನು ನೋಡುವ ಹಂಬಲ ಅವನಿಗೆ. "ಹತ್ತು ಮೀಟರೂ ಆಳವಿಲ್ಲ ಮಾವ, ನಮ್ಮ ತೋಟದ ಬಾವಿಯಷ್ಟೇ" ಎಂದ.

ಆ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗಿದವಲ್ಲ. ಸ್ಕಾಪಾ ಫ್ಲೋ ಎಂಬ ಬ್ರಿಟಿಷ್ ನೌಕಾನೆಲೆಯ ಕಿರಿದಾದ ಬಾಗಿಲುಗಳನ್ನು ಮುಚ್ಚಲು ಎರಡೂ ಮಹಾಯುದ್ಧಗಳಲ್ಲಿ ಹಳೆಯ ಹಡಗುಗಳನ್ನು ತಂದು ಬೇಕೆಂದೇ ಮುಳುಗಿಸಿದರು. ಆದರೂ 1939ರ ಅಕ್ಟೋಬರ್ 13-14ರ ನಡುವಿನ ರಾತ್ರಿ ಜರ್ಮನ್ ಜಲಾಂತರ್ಗಾಮಿಯೊಂದು ಅವುಗಳ ನಡುವೆ ನುಸುಳಿ 'ರಾಯಲ್ ಓಕ್' ಯುದ್ಧನೌಕೆಯನ್ನು ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕಾಂಕ್ರೀಟಿನ ತಡೆಗೋಡೆಗಳೆದ್ದವು. ಅವುಗಳ ಮಗ್ಗುಲಲ್ಲಿ ಹಳೆಯ ಹಡಗುಗಳು ಇಂದಿಗೂ ಬಿದ್ದಿವೆ. ಕೆಲವುಗಳ ಒಡಲು ನೀರಿನ ಮೇಲೆಯೂ ಕಾಣುತ್ತದೆ. ಅಳಿಯನ ಆಸೆಯನ್ನು ನಾನು ಅಲ್ಲಗಳೆಯಲಾರೆ.

ಆದರೆ ಬಹುಕಾಲ ಭೌತಶಾಸ್ತ್ರ ಬೋಧಿಸಿದ ನನಗೆ ಅವನ ಬಾವಿಯ ಹೋಲಿಕೆ ಕೇಳಿ ದಿಗಿಲಾಯಿತು. ಹತ್ತು ಮೀಟರು ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ದಡದಲ್ಲಿ ಐದು ಲೀಟರು ಗಾಳಿ ತುಂಬಿಕೊಂಡು ಮುಳುಗಿದ ಹುಡುಗನ ಎದೆಯಲ್ಲಿ ಅದು ಎರಡೂವರೆ ಲೀಟರಿಗೆ ಕುಗ್ಗಿ, ಮೇಲೆ ಬಂದಾಗ ಮತ್ತೆ ಐದಾಗುತ್ತದೆ. ಬಾಧೆಯಿಲ್ಲ. ಸಿಲಿಂಡರಿನವನು ಹಾಗಲ್ಲ, ಅವನು ತಳದಲ್ಲಿಯೇ ಐದು ಲೀಟರು ಎಳೆದುಕೊಳ್ಳುತ್ತಾನೆ. ಆ ಗಾಳಿ ಮೇಲೆ ಬರುತ್ತಾ ಹತ್ತು ಲೀಟರಾಗಲು ಹವಣಿಸುತ್ತದೆ. ಬಾಲ್ಯದ ಅಭ್ಯಾಸದಂತೆ ಅವನು ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕಿಳಿದು ಮಿದುಳನ್ನು ಮುಟ್ಟಬಹುದು. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಏರುವಾಗ ಅದೇ ಗಾಳಿ ಹಿಗ್ಗುವುದು ಮೂರನೆಯ ಒಂದು ಪಾಲು ಮಾತ್ರ. ಕೊನೆಯ ಹತ್ತು ಮೀಟರಿನಲ್ಲಿ ಎರಡರಷ್ಟು. ಆಳವಿಲ್ಲದ ನೀರೇ ಇಲ್ಲಿ ಹೆಚ್ಚು ಮೋಸದ್ದು. ಆದ್ದರಿಂದಲೇ ಮುಳುಗುಗಾರರಿಗೆ ಮೊದಲ ಪಾಠ, ಉಸಿರನ್ನು ಎಂದೂ ಹಿಡಿಯಬೇಡ ಎಂಬುದು. ಗಾಳಿ ತೀರಿ ತುರ್ತಾಗಿ ಮೇಲೇರಬೇಕಾದಾಗ 'ಆ' ಎಂದು ಸ್ವರ ಎಳೆಯುತ್ತಲೇ ಬರಬೇಕೆಂದು ಕಲಿಸುತ್ತಾರೆ. ನಮ್ಮ ಸಂಗೀತದ ಮೇಷ್ಟರುಗಳು ಮೆಚ್ಚುವ ಪಾಠ!

ಇನ್ನು ಚಳಿ. ಆರ್ಕ್ನಿಯ ಸಮುದ್ರ ನಡುಬೇಸಿಗೆಯಲ್ಲೂ ಸುಮಾರು 13 ಡಿಗ್ರಿ. ನೀರು ಮೈಯ ಶಾಖವನ್ನು ಗಾಳಿಗಿಂತ ಬಹುಪಾಲು ಬೇಗ ಕಸಿಯುತ್ತದೆ. ಬೆರಳು ಮರಗಟ್ಟಿದವನಿಗೆ ಕೊಂಡಿ ಬಿಚ್ಚುವುದೂ ಕಷ್ಟ. ಚಳಿಗಾಲದಲ್ಲಂತೂ, ಸಿಲಿಂಡರಿನಿಂದ ಹೊರಟ ಗಾಳಿ ಹಿಗ್ಗುವಾಗ ಇನ್ನೂ ತಣ್ಣಗಾಗಿ, ಉಸಿರಾಟದ ಕವಾಟದಲ್ಲಿ ಮಂಜು ಕಟ್ಟಿ, ಗಾಳಿಯೆಲ್ಲ ತಡೆಯಿಲ್ಲದೆ ಸೋರಿಹೋಗುವುದುಂಟು. ಹಡಗಿನ ಒಳಗೆ ಹೊಕ್ಕಿದ್ದರೆ ತಲೆಯ ಮೇಲೆ ನೀರಲ್ಲ, ತುಕ್ಕುಹಿಡಿದ ಛಾವಣಿ.

ಹೋಗಲೇಬೇಡವೆಂದು ನಾನು ಹೇಳಲಿಲ್ಲ. ಕಲಿತು ಹೋಗು, ಏನನ್ನೂ ಎತ್ತಿ ತರಬೇಡ ಎಂದೆ. ಎರಡನೆಯ ಮಾತು ಅವನಿಗೆ ವಿಚಿತ್ರವಾಗಿ ಕೇಳಿಸಿತು. ಆಗ ನಮ್ಮ ಕನ್ನಡಿಗರೇ ಆದ ಡಾ. ಎಸ್. ಆರ್. ರಾವ್ ಅವರನ್ನು ನೆನಪಿಸಿದೆ. ಲೋಥಲ್ ಉತ್ಖನನದಿಂದ ಹೆಸರಾದ ಅವರು 1981ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲೊಳಗಿನ ಪುರಾತತ್ತ್ವದ ಅಧ್ಯಯನಕ್ಕೆ ನೆಲೆ ಕಲ್ಪಿಸಿ, ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿದರು. ಅದೇ ಸಂಸ್ಥೆಯವರು ಮುಂದೆ ಗೋವೆಯ ಸುಂಚಿ ಬಂಡೆಯ ಬಳಿ, ಕೆಲವೇ ಮೀಟರು ನೀರಿನಲ್ಲಿ, ಹದಿನೇಳನೆಯ ಶತಮಾನದ ಪೋರ್ತುಗೀಸ್ ಹಡಗೊಂದರ ಅವಶೇಷಗಳನ್ನು ಪರಿಶೀಲಿಸಿದರು. ಫಿರಂಗಿ, ಆನೆಯ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರುಗಳು ಅಲ್ಲಿ ದೊರೆತವು. ನೀರಾನೆ ಆಫ್ರಿಕದ್ದು, ಪಿಂಗಾಣಿ ಚೀನಾದ್ದು. ಒಂದೇ ಬಂಡೆಯ ಬುಡದಲ್ಲಿ ಅವೆರಡೂ ಒಟ್ಟಿಗಿದ್ದುದರಿಂದಲೇ ಆ ಕಾಲದ ವ್ಯಾಪಾರದ ಹರವು ತಿಳಿಯಿತು.